ಅರ್ಧ ಸೋಡಾದಲ್ಲೇ ನಿಂತ ಸ್ಪಿರುಲಿನಾ

ಸ್ಪಿರುಲಿನಾ ಅಂದರೆ ತಿನ್ನಲು ತೊಟ್ಟಿಯಲ್ಲಿ ಬೆಳೆಸುವ ನೀಲಿ-ಹಸಿರು ಪಾಚಿ. ಅದನ್ನು ಬೆಳೆಸುವ ಹೆಸರಾಂತ ಪಾಕ, ಜರೌಕ್ ದ್ರಾವಣದ ಲೆಕ್ಕದಲ್ಲಿ ಲೀಟರಿಗೆ 16.8 ಗ್ರಾಂ ಅಡುಗೆ ಸೋಡಾ ಬೇಕು. ಅದಕ್ಕಿಂತ ಇಳಿಸಿದರೆ ಕ್ಲೋರೆಲ್ಲಾ ಎಂಬ ಬೇರೆ ಹಸಿರು ಪಾಚಿ ನುಗ್ಗಿ ತೊಟ್ಟಿ ಕೆಡುತ್ತದೆ ಅಂತ ಬಹಳ ಜನ ಹೆದರಿಸಿದ್ದರು. 8 ಗ್ರಾಂಗೆ ಇಳಿಸಿದೆ. ಜೊತೆಗೆ 5 ಗ್ರಾಂ ಉಪ್ಪು, 2 ಗ್ರಾಂ ಪೊಟ್ಯಾಸಿಯಂ ನೈಟ್ರೇಟ್. ಫಾಸ್ಫೇಟ್, ಮೆಗ್ನೀಷಿಯಂ, ಕಬ್ಬಿಣ ಮಾಮೂಲಿನಂತೆ. ತೊಟ್ಟಿ ನಿಂತಿದೆ. ಒಂದು ಚದರ ಮೀಟರ್ ಅಗಲ, ಒಂದು ಗೇಣಿಗಿಂತ ಕಮ್ಮಿ ಆಳದ 150 ಲೀಟರಿಗೆ ಎರಡೂವರೆ ಕಿಲೋ ಹೋಗುತ್ತಿದ್ದ ಸೋಡಾ 1.2 ಕಿಲೋಗೆ ಬಂತು. ಮೊದಲ ಸಲದ ಖರ್ಚಿನಲ್ಲಿ ದೊಡ್ಡ ಪಾಲು ಅದರದ್ದೇ.

ಹಾಗಂತ ಹೆದರಿಸಿದವರ ಮಾತು ಸುಳ್ಳೇನಲ್ಲ. ಹೊಸ ಸೋಡಾ ನೀರಿನ ಪಿಎಚ್ (ಕ್ಷಾರದ ಅಳತೆ) 8.3ರ ಆಸುಪಾಸು, ಅಲ್ಲಿ ಕ್ಲೋರೆಲ್ಲಾಕ್ಕೆ ಸುಗ್ಗಿ. ಸ್ಪಿರುಲಿನಾ ಸೋಡಾದ ಬೈಕಾರ್ಬೊನೇಟ್ ತಿಂದು ಪಿಎಚ್ ಅನ್ನು 10ರ ಹತ್ತಿರ ಏರಿಸಿದ ಮೇಲೆ ಬೇರೆಯವು ತಾವಾಗಿ ಹಿಂದೆ ಸರಿಯುತ್ತವೆ. ಆ ನಡುವಿನ ದಿನಗಳೇ ಅಪಾಯದವು. ಹೊಸ ನೀರಿಗೆ ಮೂರನೇ ಒಂದು ಪಾಲು ಹಳೆಯ, ಸೋಸಿದ ದ್ರಾವಣ ಸೇರಿಸಿ. ಪಿಎಚ್ ಬೇಗ ಏರಿಸಲು ಇನ್ನೊಂದು ಉಪಾಯವಿದೆ, ಅದು ಸದ್ಯಕ್ಕೆ ನನ್ನಲ್ಲೇ ಇರಲಿ.

ಬೀಜ, ಅಂದರೆ ತೊಟ್ಟಿಗೆ ಮೊದಲು ಬಿಡುವ ಜೀವಂತ ಸ್ಪಿರುಲಿನಾ, ದಟ್ಟವಾಗಿರಲಿ. ಕೋಲಿನ ತುದಿಗೆ ಬಿಳಿ ಬಿಲ್ಲೆ ಕಟ್ಟಿ ಇಳಿಸಿದಾಗ 3 ಸೆಂ.ಮೀ.ಗೆ ಮರೆಯಾದರೆ ಕೊಯ್ಲು, 5-6 ಸೆಂ.ಮೀ.ವರೆಗೂ ಕಂಡರೆ ಅದಕ್ಕಿಂತ ತೆಳು ಮಾಡಬೇಡಿ. ತೆಳು ತೊಟ್ಟಿಗೆ ನೇರ ಬಿಸಿಲು ಬಿದ್ದರೆ ಹಸಿರು ಹಳದಿಯಾಗಿ, ಅಂಚಿನಲ್ಲಿ ನೀಲಿ ನೊರೆ ಕಟ್ಟುತ್ತದೆ. ನೊರೆ ನೀಲಿಯಾಯಿತೆಂದರೆ ಕೋಶ ಒಡೆದು ಒಳಗಿನ ನೀಲಿ ಬಣ್ಣ, ಫೈಕೋಸಯನಿನ್, ಸೋರುತ್ತಿದೆ. ದಟ್ಟವಾಗುವವರೆಗೆ ನೆರಳು ಬಲೆ ಇರಲೇಬೇಕು. ನೀರು 30-35 ಡಿಗ್ರಿಯಲ್ಲಿದ್ದರೆ ಚೆನ್ನ; 20ಕ್ಕಿಂತ ಇಳಿದರೆ ಬೆಳೆ ಹೆಚ್ಚುಕಮ್ಮಿ ನಿಂತಂತೆಯೇ. ನೀರು ಗಡಸಾಗಿದ್ದರೆ ಫಾಸ್ಫೇಟ್ ಸುಣ್ಣದ ಜೊತೆ ಸೇರಿ ಬಿಳಿ ಕೆಸರಾಗಿ ತಳಕ್ಕೆ ಇಳಿಯುತ್ತದೆ, ಹಾಕಿದ ದುಡ್ಡು ಅಲ್ಲೇ ಮುಳುಗಿತು.

ನೈಟ್ರೇಟ್ ದುಬಾರಿ ಅಂತ ಪಕ್ಕದ ಸಣ್ಣ ತೊಟ್ಟಿಗೆ ಯೂರಿಯಾ ಹಾಕಿ ನೋಡಿದ್ದೂ ಆಯಿತು. ಒಂದು ಚಿಟಿಕೆ ಜಾಸ್ತಿಯಾದರೂ ಆ ಪಿಎಚ್‌ನಲ್ಲಿ ಅದು ಅಮೋನಿಯಾ ಆಗಿ ಮೂಗಿಗೆ ಹೊಡೆಯುತ್ತದೆ, ಮಾರನೇ ದಿನ ತೊಟ್ಟಿ ಹಳದಿ. ಈಗ 10 ಗ್ರಾಂ ಒಣಪುಡಿ ತೆಗೆದರೆ 12-14 ಗ್ರಾಂ ಪೊಟ್ಯಾಸಿಯಂ ನೈಟ್ರೇಟ್ ವಾಪಸ್ ಹಾಕುವುದೇ ಲೆಕ್ಕ. 150 ಲೀಟರ್ ತೊಟ್ಟಿಯ ಇಳುವರಿ ದಿನಕ್ಕೆ ಐದಾರು ಗ್ರಾಂ ಒಣಪುಡಿ.

ದುಡ್ಡು ನಿಜವಾಗಿ ಹಾಳಾಗುವುದು ಒಣಗಿಸುವಾಗ. ಬಟ್ಟೆಯಲ್ಲಿ ಸೋಸಿ, ಹಿಂಡಿ, ಬೆರಳಿಗೆ ಅಂಟದ ಹದಕ್ಕೆ ತರಬೇಕು. ಆಗ ಐದು ಪಾಲು ಹಸಿಗೆ ಒಂದು ಪಾಲು ಒಣಪುಡಿ. 2 ಮಿ.ಮೀ. ಶಾವಿಗೆ ಎಳೆ ಒತ್ತಿ 45-50 ಡಿಗ್ರಿ ಬಿಸಿಗಾಳಿಯಲ್ಲಿಡಿ. ದಪ್ಪ ಎಳೆ ಹೊರಗೆ ಒಣಗಿ ಒಳಗೆ ಹುಳಿಯುತ್ತದೆ. ಮೀನಿನ ವಾಸನೆ ಅಂತ ಜನ ಮೂಗು ಮುರಿಯುವುದು ಹೆಚ್ಚಾಗಿ ಇಂಥ ಪುಡಿಗೇ. 60 ದಾಟಿದರೆ ನೀಲಿ ಬಣ್ಣ ಕೆಡುತ್ತದೆ. ಎಳೆ ಮುರಿದಾಗ ಲಟಕ್ಕೆನ್ನಬೇಕು. ಚಿಟಿಕೆ ಪುಡಿಯನ್ನು ತಣ್ಣೀರಲ್ಲಿ ರಾತ್ರಿ ನೆನೆಸಿ ಸೋಸಿ ನೋಡಿ: ಸ್ವಚ್ಛ ನೀಲಿ ನೀರು ಇಳಿದರೆ ಒಣಗಿಸಿದ್ದು ಸರಿ, ಕೊಳಕು ಹಸಿರು ಬಂದರೆ ಸುಟ್ಟಿದ್ದೀರಿ. ನನ್ನ ಪುಡಿ ಈಗ ಪ್ರತಿ ಸಲ ನೀಲಿಯೇ ಬಿಡುತ್ತದೆ.

ತಿನ್ನುವವರಿಗೆ ಹೇಳುವುದಿಷ್ಟು: 10 ಗ್ರಾಂನಲ್ಲಿ ಸುಮಾರು 6 ಗ್ರಾಂ ಪ್ರೋಟೀನ್, 3 ಮಿ.ಗ್ರಾಂ ಹತ್ತಿರ ಕಬ್ಬಿಣ, ಜೊತೆಗೆ ಬೀಟಾ ಕ್ಯಾರೋಟಿನ್. ಊಟಕ್ಕೆ ಪೂರಕ ಹೌದು, ಊಟವಲ್ಲ. ಬಿ12 ಇದೆ ಅಂತ ಮಾರಬೇಡಿ. ಇದರಲ್ಲಿರುವುದು ಬಹುಪಾಲು ದೇಹಕ್ಕೆ ಒದಗದ ನಕಲಿ ರೂಪ. ಅಯೋಡಿನ್ ಬೇಕೆಂದು ಬಂದವರಿಗೆ ಕಡಲಕಳೆ ತೋರಿಸಿ, ಆದರೆ ಕೆಲ್ಪ್ ಎಂಬ ಕಡಲಕಳೆಯಲ್ಲಿ ಅಯೋಡಿನ್ ಮಿತಿ ಮೀರುವಷ್ಟಿರಬಹುದು. ಫಿನೈಲ್‌ಕೀಟೋನೂರಿಯಾ (ಪ್ರೋಟೀನಿನ ಒಂದು ಅಂಶವನ್ನು ದೇಹ ಅರಗಿಸಲಾಗದ ಹುಟ್ಟು ಕಾಯಿಲೆ) ಇರುವವರಿಗೆ ಕೊಡಲೇಬಾರದು. ಮೈಕ್ರೋಸ್ಕೋಪಿನಲ್ಲಿ ಸ್ಪಿರುಲಿನಾದ ಸುರುಳಿ ಬಿಟ್ಟು ಬೇರೆ ಉಂಡೆ ಗುಂಪುಗಳು ಕಂಡರೆ ಆ ಕೊಯ್ಲನ್ನು ಎಸೆಯಿರಿ: ಮೈಕ್ರೋಸಿಸ್ಟಿಸ್ ಎಂಬ ವಿಷದ ಪಾಚಿ ಇದ್ದರೆ ಅದರ ವಿಷ ಯಕೃತ್ತಿಗೆ ಬೀಳುತ್ತದೆ, ಒಣಗಿಸಿದರೂ ಹೋಗುವುದಿಲ್ಲ.

ಹಸಿಯಾಗಿ ತಿನ್ನುವುದಾದರೆ 10 ಗ್ರಾಂ ಪುಡಿಗೆ 50 ಗ್ರಾಂ ಹಸಿ ಲೆಕ್ಕ. ಫ್ರಿಜ್ಜಿನಲ್ಲಿ ಎರಡು ದಿನ ಇಡಬಹುದು, ಅದೂ ಡಬ್ಬಿಯ ತಳದಲ್ಲಿ ನೀಲಿ ನೀರು ಕಾಣದಿದ್ದರೆ ಮಾತ್ರ.