ಜೇನುಪೆಟ್ಟಿಗೆ ತೆರೆದಾಗ ರಾಣಿಯನ್ನು ಹುಡುಕಬೇಡಿ

ಶಿವರಾತ್ರಿ ಹೊತ್ತಿಗೆ ಮಲೆನಾಡು, ಕರಾವಳಿಯಲ್ಲಿ ಮಾವಿನ ಹೂ, ರಬ್ಬರಿನ ಚಿಗುರು. ಹಿತ್ತಲಿನ ತುಡುವೆ (ಪೆಟ್ಟಿಗೆಯಲ್ಲಿ ಸಾಕುವ ನಮ್ಮ ನಾಡ ಜೇನು) ಪೆಟ್ಟಿಗೆ ತುಂಬುವ ಕಾಲ. ತುಂಬಿದ ಕುಟುಂಬ ಪಾಲಾಗಿ, ಹಳೆ ರಾಣಿಯ ಜೊತೆ ಅರ್ಧ ನೊಣಗಳು ಹಾರಿಹೋಗುವುದೂ ಇದೇ ಆಸುಪಾಸಿನಲ್ಲಿ. ಹಾಗಾಗಿ ವಾರಕ್ಕೊಮ್ಮೆ ತೆರೆದು ನೋಡಬೇಕು. ಆದರೆ ಹೆಚ್ಚಿನವರು ಮುಚ್ಚಳ ತೆಗೆದ ಕೂಡಲೇ ರಾಣಿ ಎಲ್ಲಿ ಅಂತ ಹುಡುಕಲು ಕೂರುತ್ತಾರೆ. ಅರ್ಧ ಗಂಟೆ ಗೂಡು ಬಿಸಿಲಿಗೆ ಬಿದ್ದಿರುತ್ತದೆ. ತುಡುವೆಗೆ ಅಷ್ಟು ತಾಳ್ಮೆ ಇಲ್ಲ, ಬೇಸತ್ತರೆ ಗೂಡನ್ನೇ ಬಿಟ್ಟು ಹೋಗುತ್ತದೆ.

ಗಾಳಿಯಿಲ್ಲದ ದಿನ, ಬೆಳಗ್ಗೆ 9ರಿಂದ 11ರೊಳಗೆ ತೆರೆಯಿರಿ. ಕುಟುಕಿದರೆ ಉಸಿರು ಕಟ್ಟುವ ಅಲರ್ಜಿ ಇರುವವರು ಹತ್ತಿರವೂ ಬರಬಾರದು. ಮುಖಪರದೆಯ ಬಲೆ ಕಪ್ಪಾಗಿರಲಿ. ಬಿಳಿ ಬಲೆ ಅಗ್ಗಕ್ಕೆ ಸಿಗುತ್ತದೆ, ನಿಜ, ಬಿಸಿಲಲ್ಲಿ ಅದರೊಳಗಿಂದ ಏನೂ ಸರಿಯಾಗಿ ಕಾಣುವುದಿಲ್ಲ. ದಪ್ಪ ಕೈಗವಸು ಬೇಡವೇ ಬೇಡ. ಬೆರಳಿಗೆ ಅಂದಾಜು ಸಿಗದೆ ನೊಣ ಜಜ್ಜುತ್ತೀರಿ, ಆ ವಾಸನೆಗೆ ಉಳಿದವು ಮೇಲೇರಿ ಬರುತ್ತವೆ.

ಬದಿಯಲ್ಲಿ ನಿಂತು, ತೆಂಗಿನ ನಾರಿನ ಹೊಗೆ ಸ್ವಲ್ಪ ಹಾಯಿಸಿ. ಜಾಸ್ತಿಯಾದರೆ ನೊಣಗಳು ಎರಿ (ಕೋಶಗಳಿರುವ ಮೇಣದ ತಟ್ಟೆ) ಬಿಟ್ಟು ಓಡಾಡುತ್ತವೆ.

ಈಗ ಕಷ್ಟದ ಕೆಲಸ. ಎರಿ ಕಟ್ಟಿರುವ ಮರದ ಚೌಕಟ್ಟುಗಳಲ್ಲಿ ನಡುವಿನದಕ್ಕೆ ಮೊದಲೇ ಕೈ ಹಾಕಬೇಡಿ. ಅಂಚಿನದನ್ನು ಚಾಕುವಿನ ತುದಿಯಿಂದ ಸಡಿಲಿಸಿ, ನೇರ ಮೇಲೆತ್ತಿ ಹೊರಗೆ ನಿಲ್ಲಿಸಿ. ಜಾಗ ಸಿಕ್ಕಿತಲ್ವಾ? ಉಳಿದ ಚೌಕಟ್ಟುಗಳನ್ನು ಒಂದೊಂದಾಗಿ ಆ ಜಾಗಕ್ಕೆ ಸರಿಸಿ, ಆಮೇಲೆ ಎತ್ತಿ. ಸರಿಸದೆ ಎಳೆದರೆ ಪಕ್ಕದ ಎರಿಗೆ ಉಜ್ಜಿ ರಾಣಿಯೇ ಸಾಯಬಹುದು. ಎತ್ತಿದ್ದನ್ನು ಪೆಟ್ಟಿಗೆಯ ಮೇಲೆಯೇ ಹಿಡಿಯಿರಿ, ರಾಣಿ ಜಾರಿದರೂ ಒಳಗೆ ಬೀಳುತ್ತದೆ.

ಇನ್ನೊಂದು ಮಗ್ಗುಲು ನೋಡಲು ಎರಿಯನ್ನು ಅಡ್ಡ ಮಲಗಿಸುತ್ತಾರೆ. ಎಡವಟ್ಟಾಗುವುದು ಅಲ್ಲೇ. ಹೊಸ ಮೇಣ ಬಿಸಿಲಿಗೆ ಮೆತ್ತಗಾಗಿರುತ್ತದೆ, ಒಳಗೆ ತುಪ್ಪದ ಭಾರ. ಚೌಕಟ್ಟು ಕೈಯಲ್ಲಿ, ಎರಿ ನೆಲದಲ್ಲಿ! ಮೇಲ್ಪಟ್ಟಿಯ ಒಂದು ತುದಿಯನ್ನು ಎತ್ತಿ ಪಟ್ಟಿಯನ್ನು ನೆಟ್ಟಗೆ ನಿಲ್ಲಿಸಿ, ನಿಂತಲ್ಲೇ ಸುತ್ತ ತಿರುಗಿಸಿ, ಮತ್ತೆ ತುದಿ ಇಳಿಸಿ. ಖಾಲಿ ಚೌಕಟ್ಟಿನಲ್ಲಿ ಮೊದಲು ಅಭ್ಯಾಸ ಮಾಡಿ.

ಸೂರ್ಯನಿಗೆ ಬೆನ್ನು ಹಾಕಿ ಕೋಶಗಳ ತಳ ನೋಡಿ. ಬಿಳಿ ಸಣ್ಣ ಮೊಟ್ಟೆ, ಕೋಶಕ್ಕೊಂದರಂತೆ ಇದ್ದರೆ ಸಾಕು. ಮೊಟ್ಟೆ 3 ದಿನಕ್ಕೆ ಒಡೆಯುತ್ತದೆ. ಅಂದರೆ ರಾಣಿ ಮೊನ್ನೆ ಮೊನ್ನೆಯವರೆಗೂ ಇಲ್ಲೇ ಇತ್ತು, ಹುಡುಕುವ ಅಗತ್ಯವೇ ಇಲ್ಲ. ಒಂದೇ ಕೋಶದಲ್ಲಿ ಹಲವು ಮೊಟ್ಟೆ, ಗೋಡೆಗೂ ಅಂಟಿಕೊಂಡಿದ್ದರೆ ರಾಣಿ ಹೋಗಿ, ಕೆಲಸಗಾರ ನೊಣಗಳೇ ಇಡುತ್ತಿವೆ ಅನ್ನುವ ಅನುಮಾನ ಬರಬೇಕು.

ಎರಿಯ ಕೆಳ ಅಂಚಿನಲ್ಲಿ ನೆಲಗಡಲೆ ಕಾಯಿಯಂತೆ ಇಳಿಬಿದ್ದದ್ದು ರಾಣಿ ಕೋಶ, ಹೊಸ ರಾಣಿ ಬೆಳೆಯುವ ಜಾಗ. ಕುಟುಂಬ ಪಾಲಾಗಲು ಹೊರಟಿದೆ ಅಂತ ಅರ್ಥ. ಚಿವುಟಿ ಹಾಕಿ ಸುಮ್ನಾಗುವವರಿದ್ದಾರೆ. ಒಂದು ಕಣ್ತಪ್ಪಿದರೂ ಅರ್ಧ ಕುಟುಂಬ ಹೋಯಿತು. ನೀವೇ ಪಾಲು ಮಾಡಿ, ಹಳೆ ರಾಣಿಯನ್ನು ಎರಿ, ನೊಣಗಳ ಸಮೇತ ಹೊಸ ಪೆಟ್ಟಿಗೆಗೆ ಹಾಕಿ. ರಾಣಿಯನ್ನು ಹುಡುಕಲೇಬೇಕಾದ ದಿನ ಅದು. ಗಂಡು ನೊಣದ ಕೋಶದ ಮುಚ್ಚಳದ ನಡುವೆ ಸಣ್ಣ ತೂತಿರುತ್ತದೆ, ಅದು ರೋಗವಲ್ಲ. ಮರಿಗಳು ತಲೆ ಮೇಲಾಗಿ ಸತ್ತು, ನೀರು ತುಂಬಿದ ಚೀಲವಾಗಿದ್ದರೆ ಮಾತ್ರ ಹೆದರಿ. 1990ರ ದಶಕದಲ್ಲಿ ನಮ್ಮ ತುಡುವೆಗಳನ್ನು ನುಂಗಿದ ಥಾಯ್ ಸ್ಯಾಕ್‌ಬ್ರೂಡ್ ರೋಗದ ಲಕ್ಷಣ ಅದೇ. ಆ ಎರಿಯನ್ನು ಬೇರೆ ಪೆಟ್ಟಿಗೆಗೆ ಹಾಕಬೇಡಿ.

ಅಡಿಮಣೆಯ ಕಸದಲ್ಲಿ ಮೇಣದ ಹುಳು ಸೇರುತ್ತದೆ, ಕೆರೆದು ಗುಡಿಸಿ. ಚೌಕಟ್ಟುಗಳನ್ನು ಮೊದಲಿದ್ದ ಕ್ರಮದಲ್ಲೇ ಇಟ್ಟು ಮುಚ್ಚಿ. ಹೂವಿರುವಾಗ ಸಕ್ಕರೆ ಪಾಕ ಕೊಡಬೇಡಿ, ಮೇಲಿನ ಕೋಣೆಯ ತುಪ್ಪಕ್ಕೆ ಅದೂ ಸೇರುತ್ತದೆ.