ಮೊದಲ ಗೇಮಿಂಗ್ ಪಿಸಿ: ಬಿಡಿಭಾಗಗಳ ಸಾಲಾವಳಿ ಹೀಗೆ ನೋಡಿ

‘ಐ7 ಪ್ರೊಸೆಸರ್, 16 ಜಿಬಿ ರ‍್ಯಾಮ್, 4 ಜಿಬಿ ಗ್ರಾಫಿಕ್ಸ್ ಕಾರ್ಡ್, ಲೈಟು ಮಿನುಗುವ ಕ್ಯಾಬಿನೆಟ್. ಎಲ್ಲ ಸೇರಿ ಬರೀ ಇಪ್ಪತ್ತು ಸಾವಿರ!’

ಗೇಮಿಂಗ್ ಪಿಸಿ ಹುಡುಕಲು ಕೂತವರ ಕಣ್ಣಿಗೆ ಮೊದಲು ಬೀಳುವುದೇ ಇಂಥ ಜಾಹೀರಾತು. ಬರೆದದ್ದರಲ್ಲಿ ಸುಳ್ಳೇನೂ ಇರುವುದಿಲ್ಲ. ಐ7 ಹೌದು, ಆದರೆ ಬಹಳ ಸಲ ಅದು 2011ರ ಐ7-2600. ಗ್ರಾಫಿಕ್ಸ್ ಕಾರ್ಡಿನಲ್ಲಿ 4 ಜಿಬಿ ಇರುವುದೂ ಹೌದು, ಆದರೆ ಕಾರ್ಡು 2014ರಲ್ಲಿ ಬಂದ ಜಿಟಿ 730. ಆ ಪ್ರೊಸೆಸರ್ ವಿಂಡೋಸ್ 11ರ ಅಧಿಕೃತ ಪಟ್ಟಿಯಲ್ಲಿಲ್ಲ. ವಿಂಡೋಸ್ 10ಕ್ಕೆ ಮೈಕ್ರೊಸಾಫ್ಟ್ 2025ರ ಅಕ್ಟೋಬರ್‌ನಲ್ಲೇ ಬೆಂಬಲ ನಿಲ್ಲಿಸಿದೆ. ಇಪ್ಪತ್ತು ಸಾವಿರ ಕೊಟ್ಟು ಮನೆಗೆ ತರುವುದು ಹಳೇ ಕಚೇರಿ ಕಂಪ್ಯೂಟರ್ ಒಂದನ್ನು, ಬಣ್ಣದ ಲೈಟು ಹಾಕಿಸಿ.

ಬಿಡಿಭಾಗ ತಂದು ಜೋಡಿಸಿಕೊಳ್ಳುವುದೇ ಮೇಲು. ಜೋಡಿಸುವುದು ಕಷ್ಟವಲ್ಲ, ಸ್ಕ್ರೂಡ್ರೈವರ್ ಹಿಡಿಯಲು ಬಂದರೆ ಸಾಕು. ಕಷ್ಟವಿರುವುದು ಆಯ್ಕೆಯಲ್ಲಿ. ಪ್ರತಿ ಭಾಗವೂ ಒಂಟಿಯಾಗಿ ನೋಡಿದರೆ ಚೆನ್ನಾಗಿಯೇ ಇರುತ್ತದೆ, ಪಕ್ಕದ್ದಕ್ಕೆ ಮಾತ್ರ ಕೂಡುವುದಿಲ್ಲ. ಯಾವ ಪೆಟ್ಟಿಗೆಯ ಮೇಲೆ ಯಾವ ಅಂಕಿ ಓದಬೇಕು, ಅದನ್ನು ಯಾವುದರ ಜೊತೆ ತಾಳೆ ನೋಡಬೇಕು ಎಂದು ಗೊತ್ತಾದರೆ ಮುಕ್ಕಾಲು ಕೆಲಸ ಮುಗಿದಂತೆ. ಇಲ್ಲಿ ಉದಾಹರಣೆಗೆ ತೆಗೆದುಕೊಂಡಿರುವುದು ಮಾನಿಟರ್, ಕೀಬೋರ್ಡ್ ಬಿಟ್ಟು ಅರವತ್ತು ಸಾವಿರದ ಆಸುಪಾಸಿನ ಪಿಸಿ. ದರಪಟ್ಟಿ ಕೊಟ್ಟಿಲ್ಲ. 2025ರ ಕೊನೆಯಿಂದ ಮೆಮೊರಿ ಚಿಪ್‌ಗಳೆಲ್ಲ ಎಐ ಡೇಟಾ ಸೆಂಟರ್‌ಗಳ ಪಾಲಾಗುತ್ತಿದ್ದು, ರ‍್ಯಾಮ್ ದರ ಏರಿದ ಪರಿ ನೋಡಿದರೆ ಇವತ್ತು ಬರೆದ ಬೆಲೆ ನಾಳೆಗೆ ಹಳತು.

ಹೆಜ್ಜೆ 1: ಮೊದಲು ಆಟ, ಆಮೇಲೆ ಕಾರ್ಡು

ಯಾವ ಆಟ, ಯಾವ ಪರದೆ ಎಂದು ಮೊದಲು ನಿರ್ಧರಿಸಿ. ವ್ಯಾಲೊರೆಂಟ್, ಕೌಂಟರ್-ಸ್ಟ್ರೈಕ್ 2ರಂಥ ಆಟಗಳು ಪ್ರೊಸೆಸರ್ ಮೇಲೆ ಹೆಚ್ಚು ಹೊರೆ ಹಾಕುತ್ತವೆ. ಸೈಬರ್‌ಪಂಕ್ 2077ರಂಥವು ಗ್ರಾಫಿಕ್ಸ್ ಕಾರ್ಡನ್ನು ಹಿಂಡುತ್ತವೆ. ಈ ಬಜೆಟ್‌ಗೆ 1080ಪಿ (1920×1080 ಚುಕ್ಕೆಗಳ) ಪರದೆಯೇ ಸರಿ. 4ಕೆ ಆಸೆ ಈಗ ಬೇಡ.

ಒಟ್ಟು ಹಣದಲ್ಲಿ ಮೂರನೇ ಒಂದು ಪಾಲು, ಸ್ವಲ್ಪ ಹೆಚ್ಚಾದರೂ ಸರಿ, ಗ್ರಾಫಿಕ್ಸ್ ಕಾರ್ಡಿಗೆ ಎತ್ತಿಡಿ. ನಮ್ಮ ಉದಾಹರಣೆಗೆ ಎಎಂಡಿಯ ಆರ್‌ಎಕ್ಸ್ 6600. ಇದರಲ್ಲಿ 8 ಜಿಬಿ ಮೆಮೊರಿ ಇದೆ, 132 ವಾಟ್ ಎಳೆಯುತ್ತದೆ, 1080ಪಿಗೆ ಇಂದಿಗೂ ಸಾಕು. ಎನ್ವಿಡಿಯಾದ ಆರ್‌ಟಿಎಕ್ಸ್ 3050 ನೋಡುವವರು ಹುಷಾರು. ಅದೇ ಹೆಸರಿನಲ್ಲಿ 8 ಜಿಬಿಯದೂ ಇದೆ, 6 ಜಿಬಿಯದೂ ಇದೆ. ವ್ಯತ್ಯಾಸ ಬರೀ 2 ಜಿಬಿಯದ್ದಲ್ಲ. 6 ಜಿಬಿ ಕಾರ್ಡಿನ ಚಿಪ್ಪೇ ಕಿರಿದು, ಮೆಮೊರಿ ದಾರಿಯೂ 128 ಬಿಟ್‌ನಿಂದ 96 ಬಿಟ್‌ಗೆ ಇಳಿದಿದೆ. ಅದಕ್ಕಿರುವ ಒಂದೇ ಅನುಕೂಲ, 70 ವಾಟ್‌ನಲ್ಲಿ ಮುಗಿಸುತ್ತದೆ, ಬೇರೆ ಪವರ್ ಕೇಬಲ್ ಬೇಡ. ಮನೆಯಲ್ಲಿ ಈಗಾಗಲೇ ಇರುವ ಕಂಪ್ಯೂಟರ್‌ಗೆ ಕಾರ್ಡು ಸೇರಿಸುವವರಿಗೆ ಅದು ಸರಿ, ಹೊಸದಾಗಿ ಕಟ್ಟುವವರಿಗಲ್ಲ.

ಅಗ್ಗವೆಂದು ಆರ್‌ಎಕ್ಸ್ 6500 ಎಕ್ಸ್‌ಟಿ ತೋರಿಸಿದರೆ ಒಂದು ಪ್ರಶ್ನೆ ಕೇಳಿಕೊಳ್ಳಿ: ನನ್ನ ಮದರ್‌ಬೋರ್ಡು (ಎಲ್ಲ ಭಾಗಗಳೂ ಕೂರುವ ಮುಖ್ಯ ಫಲಕ) ಪಿಸಿಐಇ 4.0 ತಾನೇ? ಪಿಸಿಐಇ ಎಂದರೆ ಕಾರ್ಡು, ಬೋರ್ಡುಗಳ ನಡುವಿನ ಡೇಟಾ ದಾರಿ; 3.0, 4.0 ಅದರ ತಲೆಮಾರುಗಳು. ಆ ಕಾರ್ಡು ಬೋರ್ಡಿನ ಜೊತೆ ಮಾತಾಡುವುದು ನಾಲ್ಕೇ ಲೇನ್‌ಗಳಲ್ಲಿ. ಪಿಸಿಐಇ 3.0 ಬೋರ್ಡಿಗೆ ಹಾಕಿದರೆ ಆ ನಾಲ್ಕರ ವೇಗವೂ ಅರ್ಧಕ್ಕಿಳಿದು ಆಟ ತೆವಳುತ್ತದೆ. 6600ಕ್ಕೆ ಎಂಟು ಲೇನ್ ಇರುವುದರಿಂದ ಹಳೆಯ ಬೋರ್ಡಿನಲ್ಲೂ ನಷ್ಟ ಅಲ್ಪ.

ಹೆಜ್ಜೆ 2: ಪ್ರೊಸೆಸರ್‌ನ ಬಾಲದ ಅಕ್ಷರ ಓದಿ

ನಮ್ಮ ಆಯ್ಕೆ ರೈಜನ್ 5 5600. ಆರು ಕೋರ್, 65 ವಾಟ್, ಪೆಟ್ಟಿಗೆಯಲ್ಲೇ ಫ್ಯಾನ್ ಬರುತ್ತದೆ. ಇದರ ಅಕ್ಕಪಕ್ಕ ಮೂರು ಹೆಸರುಗಳು ಸುಳಿದಾಡುತ್ತವೆ: 5500, 5600, 5600ಜಿ. ನೋಡಲು ಅಣ್ಣತಮ್ಮಂದಿರಂತಿದ್ದರೂ ಒಳಗಿನ ಚಿಪ್ಪು ಬೇರೆ. 5600ರಲ್ಲಿ 32 ಎಂಬಿ ಎಲ್3 ಕ್ಯಾಶ್ (ಪ್ರೊಸೆಸರ್ ಒಳಗೇ ಇರುವ ವೇಗದ ಮೆಮೊರಿ) ಇದೆ, ಉಳಿದೆರಡರಲ್ಲಿ 16 ಎಂಬಿ ಮಾತ್ರ. ಆಟಗಳಿಗೆ ಈ ಕ್ಯಾಶ್ ಮುಖ್ಯ. ಜೊತೆಗೆ 5500 ಮತ್ತು 5600ಜಿ ಪಿಸಿಐಇ 3.0ಕ್ಕೇ ನಿಲ್ಲುತ್ತವೆ. ಬೋರ್ಡು ಎಷ್ಟೇ ಹೊಸದಿರಲಿ, 4.0 ಸಿಗುವುದಿಲ್ಲ.

5600ಜಿಯಲ್ಲಿ ಗ್ರಾಫಿಕ್ಸ್ ಒಳಗೇ ಇದೆ. ಕಾರ್ಡಿಗೆ ಈಗ ದುಡ್ಡಿಲ್ಲ, ಆರು ತಿಂಗಳು ಬಿಟ್ಟು ಹಾಕಿಸುತ್ತೇನೆ ಎನ್ನುವವರಿಗೆ ಅದೇ ದಾರಿ. ಬರೀ 5600 ತಂದು ಕಾರ್ಡು ಹಾಕದೆ ಕೂತರೆ ಪರದೆ ಕಪ್ಪಾಗಿಯೇ ಇರುತ್ತದೆ. ಇಂಟೆಲ್‌ನಲ್ಲಿ ಇದೇ ಸಂಗತಿಯನ್ನು ‘ಎಫ್’ ಅಕ್ಷರ ಹೇಳುತ್ತದೆ: ಐ3-12100ಎಫ್, ಐ5-12400ಎಫ್ ಎಂದರೆ ಒಳಗೆ ಗ್ರಾಫಿಕ್ಸ್ ಇಲ್ಲ. ಬೆಲೆ ಕಡಿಮೆ, ಗೇಮಿಂಗ್‌ಗೆ ಹೇಗೂ ಕಾರ್ಡು ಹಾಕುತ್ತೀರಿ, ಹಾಗಾಗಿ ಎಫ್ ಒಳ್ಳೆಯದೇ. ಗೊತ್ತಿದ್ದು ಕೊಳ್ಳಿ, ಅಷ್ಟೇ.

‘ಟ್ರೇ ಪ್ರೊಸೆಸರ್ ಇದೆ, ಸಾವಿರ ಕಡಿಮೆ’ ಎಂದು ಅಂಗಡಿಯಲ್ಲಿ ಹೇಳುವುದುಂಟು. ಅದಕ್ಕೆ ಪೆಟ್ಟಿಗೆಯಿಲ್ಲ, ಫ್ಯಾನ್ ಇಲ್ಲ. ವಾರಂಟಿ ಸಾಮಾನ್ಯವಾಗಿ ಅಂಗಡಿಯವರ ಬಾಯಿಮಾತಿನದು. ಪೆಟ್ಟಿಗೆಯದ್ದಕ್ಕೆ ಕಂಪನಿಯ ಮೂರು ವರ್ಷದ ವಾರಂಟಿ ಇದೆ. ಫ್ಯಾನ್ ಬೇರೆ ಕೊಂಡರೆ ಆ ಸಾವಿರವೂ ಉಳಿಯುವುದಿಲ್ಲ.

ಹೆಜ್ಜೆ 3: ಮದರ್‌ಬೋರ್ಡ್, ಎಡವುವ ಜಾಗ

ಮೊದಲು ಸಾಕೆಟ್, ಅಂದರೆ ಬೋರ್ಡಿನಲ್ಲಿ ಪ್ರೊಸೆಸರ್ ಕೂರುವ ಗೂಡು. ರೈಜನ್ 5600ಕ್ಕೆ ಎಎಂ4, ಇಂಟೆಲ್ 12ನೇ ತಲೆಮಾರಿಗೆ ಎಲ್‌ಜಿಎ 1700, ಹೊಸ ರೈಜನ್ 7000 ಸಾಲಿಗೆ ಎಎಂ5. ಒಂದರದ್ದು ಇನ್ನೊಂದಕ್ಕೆ ಕೂರುವುದೇ ಇಲ್ಲ.

ಸಾಕೆಟ್ ಹೊಂದಿದ ಮಾತ್ರಕ್ಕೆ ನಿಶ್ಚಿಂತರಾಗಬೇಡಿ. ಎಎಂ4 ಬೋರ್ಡುಗಳು 2017ರಿಂದ ಅಂಗಡಿಗಳಲ್ಲಿವೆ. ಬಿ450 ಚಿಪ್‌ಸೆಟ್‌ನ ಬೋರ್ಡಿಗೆ 5600 ಸರಿಯಾಗಿ ಕೂರುತ್ತದೆ, ಫ್ಯಾನ್ ತಿರುಗುತ್ತದೆ, ಎಷ್ಟೋ ಸಲ ಪರದೆಯಲ್ಲಿ ಮಾತ್ರ ಏನೂ ಬರುವುದಿಲ್ಲ. ಕಾರಣ, ಆ ಬೋರ್ಡಿನ ಬಯಾಸ್ (ಪಿಸಿ ಆನ್ ಆದೊಡನೆ ಮೊದಲು ಓಡುವ, ಬೋರ್ಡಿನೊಳಗಿನ ಪ್ರೋಗ್ರಾಂ) ಹಳೆಯದು. ತನ್ನ ನಂತರ ಹುಟ್ಟಿದ ಪ್ರೊಸೆಸರ್‌ನ ಗುರುತೇ ಅದಕ್ಕಿಲ್ಲ. ಬಯಾಸ್ ಅಪ್‌ಡೇಟ್ ಮಾಡಲು ಪಿಸಿ ಆನ್ ಆಗಬೇಕು, ಪಿಸಿ ಆನ್ ಆಗಲು ಬಯಾಸ್ ಅಪ್‌ಡೇಟ್ ಆಗಬೇಕು!

ಇದಕ್ಕೆ ಮೂರು ದಾರಿ. ಪೆಟ್ಟಿಗೆಯ ಮೇಲೆ ‘ರೈಜನ್ 5000 ರೆಡಿ’ ಸ್ಟಿಕ್ಕರ್ ಇರುವುದನ್ನೇ ಕೊಳ್ಳುವುದು. ಇಲ್ಲವೇ ಬಯಾಸ್ ಫ್ಲ್ಯಾಶ್‌ಬ್ಯಾಕ್ ಬಟನ್ ಇರುವ ಬೋರ್ಡು ಆರಿಸುವುದು. ಪೆನ್‌ಡ್ರೈವ್‌ಗೆ ಫೈಲ್ ಹಾಕಿ, ಎಸ್‌ಎಂಪಿಎಸ್ (ಪಿಸಿಗೆ ಕರೆಂಟು ಹಂಚುವ ಪೆಟ್ಟಿಗೆ) ತಂತಿ ಸಿಕ್ಕಿಸಿ ಬಟನ್ ಒತ್ತಿದರೆ ಪ್ರೊಸೆಸರ್ ಇಲ್ಲದೆಯೂ ಅಪ್‌ಡೇಟ್ ಆಗುತ್ತದೆ. ಎರಡೂ ಇಲ್ಲವೆಂದರೆ ಅಂಗಡಿಯಲ್ಲೇ ಅಪ್‌ಡೇಟ್ ಮಾಡಿಸಿ, ಪರದೆ ಬರುವುದನ್ನು ನೋಡಿಯೇ ದುಡ್ಡು ಎಣಿಸುವುದು. ಬೋರ್ಡ್ ಕಂಪನಿಯ ವೆಬ್‌ಸೈಟಿನಲ್ಲಿ ಪ್ರತಿ ಮಾದರಿಗೂ ಪ್ರೊಸೆಸರ್ ಪಟ್ಟಿ ಇರುತ್ತದೆ, ಎದುರಿಗೆ ಯಾವ ಬಯಾಸ್ ಆವೃತ್ತಿ ಬೇಕೆಂದು ಬರೆದಿರುತ್ತದೆ. ಅದನ್ನು ಮೊಬೈಲಿನಲ್ಲಿ ತೆರೆದಿಟ್ಟುಕೊಂಡೇ ಅಂಗಡಿಗೆ ಹೋಗಿ. ನನ್ನನ್ನು ಕೇಳಿದರೆ, ಸ್ವಲ್ಪ ಹೆಚ್ಚಾದರೂ ಬಿ550 ಕೊಳ್ಳಿ, ಪಿಸಿಐಇ 4.0 ಸಿಗುತ್ತದೆ, ಬಯಾಸ್ ರಗಳೆಯೂ ಕಡಿಮೆ. ಇಂಟೆಲ್ ಕಡೆ ಎಚ್610 ಸಾಕು.

ಹೆಜ್ಜೆ 4: ರ‍್ಯಾಮ್ ಮತ್ತು ಎಸ್‌ಎಸ್‌ಡಿ

ರ‍್ಯಾಮ್‌ನ ಎರಡು ತಲೆಮಾರುಗಳಾದ ಡಿಡಿಆರ್4 ಮತ್ತು ಡಿಡಿಆರ್5 ಎರಡಕ್ಕೂ 288 ಪಿನ್, ಉದ್ದವೂ ಒಂದೇ. ಆದರೆ ನಡುವಿನ ಕಚ್ಚು ಬೇರೆ ಜಾಗದಲ್ಲಿದೆ. ಒತ್ತಿ ಕೂರಿಸಲು ಹೋದರೆ ಸ್ಲಾಟ್ ಮುರಿಯುತ್ತದೆ. ಎಎಂ4ಗೆ ಡಿಡಿಆರ್4 ಮಾತ್ರ, ಎಎಂ5ಗೆ ಡಿಡಿಆರ್5 ಮಾತ್ರ. ಇಂಟೆಲ್‌ನ ಎಚ್610, ಬಿ760 ಬೋರ್ಡುಗಳು ಎರಡೂ ಬಗೆಯಲ್ಲಿ ಬರುತ್ತವೆ, ಹೆಸರಿನ ಕೊನೆಯಲ್ಲಿ ಡಿ4 ಎಂದಿದೆಯೇ ಎಂದು ಕಣ್ಣಿಟ್ಟು ನೋಡಬೇಕು.

16 ಜಿಬಿಯ ಒಂದೇ ಕಡ್ಡಿಗಿಂತ 8 ಜಿಬಿಯ ಎರಡು ಮೇಲು. ಎರಡು ದಾರಿಯಲ್ಲಿ ಡೇಟಾ ಓಡುವುದರಿಂದ ಆಟ ಸರಾಗ. ನಾಲ್ಕು ಸ್ಲಾಟ್ ಇರುವ ಬೋರ್ಡಿನಲ್ಲಿ ಪ್ರೊಸೆಸರ್ ಕಡೆಯಿಂದ ಎಣಿಸಿ ಎರಡನೆಯದಕ್ಕೂ ನಾಲ್ಕನೆಯದಕ್ಕೂ ಹಾಕಿ.

ಎಸ್‌ಎಸ್‌ಡಿ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಿಲ್ಲ. ಎಂ.2 ಆಕಾರದಲ್ಲೇ ನಿಧಾನದ ಸಾಟಾ ಬಗೆಯದೂ ವೇಗದ ಎನ್‌ವಿಎಂಇ ಬಗೆಯದೂ ಇದೆ, ಕೇಳಿ ಎನ್‌ವಿಎಂಇಯನ್ನೇ ಕೊಳ್ಳಿ. 500 ಜಿಬಿ ಕನಿಷ್ಠ.

ಹೆಜ್ಜೆ 5: ಎಸ್‌ಎಂಪಿಎಸ್‌ನಲ್ಲಿ ಜಿಪುಣತನ ಬೇಡ

ಕ್ಯಾಬಿನೆಟ್ ಜೊತೆ ಪುಕ್ಕಟೆ ಬರುವ ‘450 ವಾಟ್’ ಎಸ್‌ಎಂಪಿಎಸ್ ಅನ್ನು ಕೈಗೆತ್ತಿಕೊಂಡು ಅದರ ಚೀಟಿ ಓದಿ. +12 ವೋಲ್ಟ್ ಎಂಬ ಸಾಲಿನ ಕೆಳಗೆ ಎಷ್ಟು ಆಂಪಿಯರ್ ಎಂದಿದೆ? 16 ಎಂದಿದ್ದರೆ 12ರಿಂದ ಗುಣಿಸಿ: 192 ವಾಟ್. ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡು ಎರಡೂ ಉಣ್ಣುವುದು ಇದೇ ಸಾಲಿನಿಂದ. ಮೇಲಿನ 450 ಬರೀ ಅಲಂಕಾರ.

ನಮ್ಮ ಲೆಕ್ಕ ಹೀಗೆ: ಕಾರ್ಡು 132, ಪ್ರೊಸೆಸರ್ ಜೋರು ಓಡುವಾಗ 76, ಬೋರ್ಡು, ರ‍್ಯಾಮ್, ಫ್ಯಾನ್‌ಗಳಿಗೆ ಐವತ್ತು ಹಿಡಿದರೂ 260 ವಾಟ್ ಆಸುಪಾಸು. ಹೆಸರಿರುವ ಕಂಪನಿಯ, 80 ಪ್ಲಸ್ ಬ್ರಾಂಜ್ ಗುರುತಿನ (ಕರೆಂಟು ಪೋಲು ಕಡಿಮೆ ಎಂದು ಹೇಳುವ ಗುರುತು) 550 ವಾಟ್ ತಂದರೆ ಮುಂದೆ ಕಾರ್ಡು ಬದಲಿಸುವಾಗಲೂ ಅದೇ ನಡೆಯುತ್ತದೆ. ಕಾರ್ಡಿಗೆ ಬೇಕಾದ 6+2 ಪಿನ್ ಕೇಬಲ್ ಅದರಲ್ಲೇ ಇರಬೇಕು. ‘ಕನ್ವರ್ಟರ್ ಹಾಕಿಕೊಡ್ತೀನಿ ಸರ್’ ಎಂದರೆ ಬೇಡವೆನ್ನಿ. ಬೇರೊಂದು ಎಸ್‌ಎಂಪಿಎಸ್‌ನ ಮಾಡ್ಯುಲರ್ (ಬಿಚ್ಚಿ ತೆಗೆಯಬಹುದಾದ) ಕೇಬಲ್ ಅಂತೂ ಬಳಸಲೇಬೇಡಿ. ತುದಿ ಸರಿಯಾಗಿ ಕೂತರೂ ಒಳಗಿನ ತಂತಿಗಳ ಕ್ರಮ ಬೇರೆಯಿದ್ದು ಬೋರ್ಡೇ ಸುಟ್ಟೀತು.

ಕರೆಂಟು ಹೋಗುವ ಊರಾದರೆ ಯುಪಿಎಸ್ ಕೂಡ ಇದೇ ಲೆಕ್ಕದಲ್ಲಿ ಸೇರಲಿ. 600 ವಿಎ ಎಂದರೆ ಸಾಮಾನ್ಯವಾಗಿ 360 ವಾಟ್. ಮಾನಿಟರ್ ಸೇರಿಸಿದರೂ ನಮ್ಮ ಪಿಸಿ ಅದರೊಳಗೆ ಬರುತ್ತದೆ, ಆಟ ಸೇವ್ ಮಾಡಿ ಆಫ್ ಮಾಡುವಷ್ಟು ಹೊತ್ತಿಗೆ.

ಕ್ಯಾಬಿನೆಟ್‌ಗೆ ಮೂರು ಅಳತೆ ನೋಡಿ: ಬೋರ್ಡು ಎಟಿಎಕ್ಸ್ ಅಥವಾ ಮೈಕ್ರೊ ಎಟಿಎಕ್ಸ್, ಕಾರ್ಡಿನ ಉದ್ದ, ಕೂಲರ್ ಎತ್ತರ. ಮುಂಭಾಗ ಗಾಜಿನದ್ದಲ್ಲ, ಜಾಲರಿಯದ್ದಿರಲಿ. ರಾಯಚೂರು, ಕಲಬುರಗಿಯ ಬಿಸಿಲಲ್ಲಿ ಗಾಜು ಹಾಕಿದ ಪೆಟ್ಟಿಗೆ ಒಳಗೊಳಗೇ ಬೇಯುತ್ತದೆ.

ಹೆಜ್ಜೆ 6: ಅಂಗಡಿಯಲ್ಲಿ

ಬೆಂಗಳೂರಿನ ಎಸ್.ಪಿ. ರೋಡ್‌ಗೆ ಹೋಗುವವರು ಪಟ್ಟಿ ಬರೆದುಕೊಂಡು ಮೂರು ನಾಲ್ಕು ಅಂಗಡಿಯಲ್ಲಿ ಒಟ್ಟು ದರ ಬರೆಸಿಕೊಳ್ಳಿ. ಒಂದರಲ್ಲಿ ಕಾರ್ಡು ಅಗ್ಗ, ಇನ್ನೊಂದರಲ್ಲಿ ಬೋರ್ಡು ಅಗ್ಗ ಇರುತ್ತದೆ, ಚೌಕಾಸಿಗೆ ಅದೇ ಬಂಡವಾಳ. ‘ಬಿಲ್ ಬೇಡವೆಂದರೆ 18 ಪರ್ಸೆಂಟ್ ಬಿಡ್ತೀವಿ’ ಎನ್ನುವವರಿಗೆ ಮರುಳಾಗಬೇಡಿ. ಜಿಎಸ್‌ಟಿ ಬಿಲ್ಲಿನಲ್ಲಿ ಸೀರಿಯಲ್ ನಂಬರ್ ಬರೆಸಿ, ಪೆಟ್ಟಿಗೆಯ ಮೇಲಿನದರ ಜೊತೆ ತಾಳೆ ನೋಡಿ. ಇಂಟೆಲ್ ಬೋರ್ಡು ಕೊಂಡರೆ ಸಾಕೆಟ್ ಮುಚ್ಚಳ ತೆಗೆಸಿ ಪಿನ್‌ಗಳು ನೆಟ್ಟಗಿವೆಯೇ ಎಂದು ಅಲ್ಲೇ ನೋಡಿ. ಬಾಗಿದ ಪಿನ್‌ಗೆ ವಾರಂಟಿ ಸಿಗುವುದಿಲ್ಲ. ಆ ಪ್ಲಾಸ್ಟಿಕ್ ಮುಚ್ಚಳವನ್ನೂ ಎತ್ತಿಟ್ಟುಕೊಳ್ಳಿ.

ಹೆಜ್ಜೆ 7: ಮೊದಲ ಸಲ ಆನ್ ಮಾಡಿದಾಗ

ಮಾನಿಟರ್ ಕೇಬಲ್ ಗ್ರಾಫಿಕ್ಸ್ ಕಾರ್ಡಿಗೆ ಸಿಕ್ಕಿಸಿ, ಬೋರ್ಡಿಗಲ್ಲ. ನಂತರ ಬಯಾಸ್‌ಗೆ ಹೋಗಿ ಎಕ್ಸ್‌ಎಂಪಿ ಅಥವಾ ಡಿಒಸಿಪಿ (ರ‍್ಯಾಮ್ ಅನ್ನು ಅದರ ಪೂರ್ಣ ವೇಗದಲ್ಲಿ ಓಡಿಸುವ ಆಯ್ಕೆ) ಆನ್ ಮಾಡಿ. ಮಾಡದಿದ್ದರೆ 3200ರ ರ‍್ಯಾಮ್ 2133ರಲ್ಲೋ 2666ರಲ್ಲೋ ಓಡುತ್ತಿರುತ್ತದೆ. ವಿಂಡೋಸ್ ಟಾಸ್ಕ್ ಮ್ಯಾನೇಜರ್‌ನ ಪರ್ಫಾರ್ಮೆನ್ಸ್ ಪುಟದಲ್ಲಿ ಮೆಮೊರಿ ಮೇಲೆ ಒತ್ತಿದರೆ ವೇಗ ಕಾಣುತ್ತದೆ. ಬಯಾಸ್‌ನಲ್ಲಿದ್ದಾಗಲೇ ಟಿಪಿಎಂ ಮತ್ತು ಸೆಕ್ಯೂರ್ ಬೂಟ್ ಎಂಬ ಸುರಕ್ಷತೆಯ ಆಯ್ಕೆಗಳನ್ನೂ ಆನ್ ಮಾಡಿಬಿಡಿ, ವಿಂಡೋಸ್ 11ರಲ್ಲಿ ವ್ಯಾಲೊರೆಂಟ್ ತೆರೆಯಲು ಎರಡೂ ಬೇಕು.

144 ಹರ್ಟ್ಸ್ (ಸೆಕೆಂಡಿಗೆ 144 ಸಲ ಚಿತ್ರ ಬದಲಿಸುವ) ಮಾನಿಟರ್ ತಂದವರು ಇನ್ನೊಂದು ನೋಡಬೇಕು. ವಿಂಡೋಸ್ ಎಷ್ಟೋ ಸಲ ಅದನ್ನು 60ರಲ್ಲೇ ಬಿಟ್ಟಿರುತ್ತದೆ. ಸೆಟ್ಟಿಂಗ್ಸ್, ಸಿಸ್ಟಂ, ಡಿಸ್‌ಪ್ಲೇ, ಅಡ್ವಾನ್ಸ್ಡ್ ಡಿಸ್‌ಪ್ಲೇ. ಅಲ್ಲಿ 144 ಆರಿಸಿ.