ತಪ್ಪು ಮಾಡಿದವರನ್ನು ತಿದ್ದುವುದು ಹೇಗೆ? ಪ್ರವಾದಿಯವರ ನಡೆಯಲ್ಲಿ ಕಾಣುವ ಕ್ರಮ

ಆಗ ನನಗೆ ಎಂಟೋ ಒಂಬತ್ತೋ ವರ್ಷ. ಶುಕ್ರವಾರದ ನಮಾಝಿಗೆ ಎಲ್ಲರಿಗಿಂತ ಮೊದಲು ಹೋಗಿ ಮುಂದಿನ ಸಾಲಿನಲ್ಲಿ ಕುಳಿತಿದ್ದೆ. ಆಮೇಲೆ ಬಂದ ಹಿರಿಯರೊಬ್ಬರು ರಟ್ಟೆ ಹಿಡಿದು ಎಬ್ಬಿಸಿ, ಒಂದೂ ಮಾತಾಡದೆ ಕೊನೆಯ ಸಾಲಿಗೆ ತಂದು ನಿಲ್ಲಿಸಿದರು. ನನ್ನ ತಪ್ಪೇನೆಂದು ಅವರು ಹೇಳಲಿಲ್ಲ. ಕೇಳುವ ಧೈರ್ಯ ನನಗೂ ಇರಲಿಲ್ಲ. ರಟ್ಟೆಯ ಮೇಲಿನ ಆ ಹಿಡಿತ ಮಾತ್ರ ಇಂದಿಗೂ ನೆನಪಿದೆ. ಅದಾಗಿ ಕೆಲವು ತಿಂಗಳಿಗೆ ಮದರಸದಲ್ಲಿ ಉಸ್ತಾದರು ಮದೀನದ ಮಸೀದಿಯಲ್ಲಿ ನಡೆದ ಒಂದು ಘಟನೆಯನ್ನು ಹೇಳಿದರು. ತಿದ್ದುವುದಕ್ಕೂ ಒಂದು ಕ್ರಮವಿದೆ, ಯಾವುದು ಮೊದಲು ಯಾವುದು ಆಮೇಲೆ ಎಂಬುದಿದೆ ಎಂದು ನನಗೆ ಹೊಳೆದದ್ದು ಅಂದು. ಮುಂದೆ ಪ್ರವಾದಿಯವರ ನಡೆನುಡಿಗಳ ವರದಿಗಳಾದ ಹದೀಸ್‌ಗಳ ಸಂಗ್ರಹಗಳನ್ನು ಓದುತ್ತಾ ಹೋದಂತೆ, ಪ್ರವಾದಿ ಮುಹಮ್ಮದ್ (ಸ) ಆ ಕ್ರಮವನ್ನು ಎಷ್ಟು ಬಗೆಯ ಜನರೊಂದಿಗೆ ಪಾಲಿಸಿದರೆಂದು ಕಂಡು ಬೆರಗಾದೆ. ಮನೆಯಲ್ಲಿ ಮಕ್ಕಳಿರುವವರು, ತರಗತಿಯಲ್ಲಿ ಪಾಠ ಹೇಳುವವರು, ನಾಲ್ಕು ಜನರಿಂದ ಕೆಲಸ ಮಾಡಿಸುವವರು, ಯಾವ ಧರ್ಮದವರಾದರೂ ಇದನ್ನು ಹಂತ ಹಂತವಾಗಿ ಅಭ್ಯಾಸ ಮಾಡಬಹುದು.

ಮೊದಲು ಸುತ್ತಲಿನವರನ್ನು ತಡೆಯಿರಿ

ಕ್ರಿ.ಶ. 622ರಲ್ಲಿ ಮಕ್ಕಾ ತೊರೆದು ಮದೀನಕ್ಕೆ ಬಂದ ಪ್ರವಾದಿಯವರು ಅಲ್ಲಿ ಕಟ್ಟಿಸಿದ ಮಸೀದಿಗೆ ಹಸಿ ಇಟ್ಟಿಗೆಯ ಗೋಡೆ, ಖರ್ಜೂರದ ಕಾಂಡದ ಕಂಬ, ಅದರದೇ ಗರಿಯ ಚಾವಣಿ. ನೆಲ ಬರಿಯ ಮಣ್ಣು. ಒಂದು ದಿನ ಮರುಭೂಮಿಯ ಅಲೆಮಾರಿ ಅರಬನೊಬ್ಬ ಒಳಗೆ ಬಂದು ನಮಾಝ್ ಮಾಡಿ, “ಅಲ್ಲಾಹನೇ, ನನಗೂ ಮುಹಮ್ಮದರಿಗೂ ಕರುಣೆ ತೋರು, ನಮ್ಮ ಜೊತೆ ಬೇರೆ ಯಾರಿಗೂ ಬೇಡ” ಎಂದು ಪ್ರಾರ್ಥಿಸಿದ. “ಅಷ್ಟು ವಿಶಾಲವಾದದ್ದನ್ನು ಇಕ್ಕಟ್ಟು ಮಾಡಿಬಿಟ್ಟೆಯಲ್ಲ” ಎಂದರು ಪ್ರವಾದಿಯವರು. ಸ್ವಲ್ಪ ಹೊತ್ತಿನಲ್ಲಿಯೇ ಆತ ಮಸೀದಿಯೊಳಗೇ ಮೂತ್ರ ಮಾಡತೊಡಗಿದ. ಸಹಾಬಿಗಳು, ಅಂದರೆ ಪ್ರವಾದಿಯವರ ಸಂಗಡಿಗರು, ಕೂಗುತ್ತಾ ಅವನತ್ತ ನುಗ್ಗಿದರು.

ಪ್ರವಾದಿಯವರು ತಡೆದದ್ದು ನುಗ್ಗಿದವರನ್ನು. “ಬಿಡಿ, ಅರ್ಧಕ್ಕೆ ನಿಲ್ಲಿಸಬೇಡಿ” ಎಂದರು. ಆತ ಮುಗಿಸುವವರೆಗೂ ಎಲ್ಲರೂ ಕಾದರು. ಬಳಿಕ ಒಂದು ಬಿಂದಿಗೆ ನೀರು ತರಿಸಿ ಆ ಜಾಗದ ಮೇಲೆ ಸುರಿಸಿದರು. ಅವನನ್ನು ಹತ್ತಿರ ಕರೆದು, ಮಸೀದಿ ಇಂಥದಕ್ಕೆ ತಕ್ಕ ಜಾಗವಲ್ಲ, ಇದು ಅಲ್ಲಾಹನ ಸ್ಮರಣೆಗೆ, ನಮಾಝಿಗೆ, ಕುರ್‌ಆನ್ ಪಠಣಕ್ಕೆ ಇರುವುದು ಎಂದು ತಿಳಿಸಿದರು. ಸಹಾಬಿಗಳಿಗೆ ಹೇಳಿದ ಮಾತು ಬೇರೆ: “ನಿಮ್ಮನ್ನು ಕಳುಹಿಸಿರುವುದು ಸುಲಭ ಮಾಡುವುದಕ್ಕೆ, ಕಷ್ಟ ಕೊಡುವುದಕ್ಕಲ್ಲ.”

ಇಲ್ಲಿರುವ ಅನುಕ್ರಮವನ್ನು ಗಮನಿಸಬೇಕು. ನಡುವೆ ಬೆದರಿಸಿ ಎಬ್ಬಿಸಿದ್ದರೆ ಆತನ ದೇಹಕ್ಕೂ ತೊಂದರೆ, ಅವನ ಬಟ್ಟೆ ಮತ್ತು ಮಸೀದಿಯ ಉಳಿದ ನೆಲ ಕೂಡ ಹೊಲಸು ಎಂದು ಹದೀಸ್ ವಿದ್ವಾಂಸರು ವಿವರಿಸಿದ್ದಾರೆ. ಹಾಗಾಗಿ ಹಾನಿ ಹೆಚ್ಚದಂತೆ ನೋಡಿಕೊಂಡದ್ದು ಮೊದಲು, ಪಾಠ ಹೇಳಿದ್ದೂ ಆದದ್ದನ್ನು ತೊಳೆಸಿದ್ದೂ ಆಮೇಲೆ. ನಮ್ಮ ಮನೆಗಳಲ್ಲಿ ಮಗು ಹಾಲು ಚೆಲ್ಲಿದಾಗ ಪಾಠವೇ ಮೊದಲು ಬರುತ್ತದೆ, ಒರೆಸುವ ಬಟ್ಟೆ ಕೊನೆಗೆ. ಇದನ್ನು ತಿರುಗಿಸಿ ನೋಡಿ. ಬಟ್ಟೆ ತಂದು, ಮಗುವಿನೊಂದಿಗೇ ಒರೆಸಿ, ಬೈಯಲು ಸುತ್ತ ಸೇರಿದವರನ್ನು ಆಚೆ ಕಳುಹಿಸಿ, ಆಮೇಲೆ ಮಾತಾಡಿ. ಆ ಹೊತ್ತಿಗೆ ನಿಮ್ಮ ದನಿಯೂ ಇಳಿದಿರುತ್ತದೆ.

ಗೊತ್ತಿದ್ದು ಮಾಡಿದರೋ, ಗೊತ್ತಿಲ್ಲದೆಯೋ?

ಮುಆವಿಯಾ ಬಿನ್ ಹಕಮ್ ಎಂಬವರು ಇಸ್ಲಾಮಿಗೆ ಹೊಸಬರು. ಪ್ರವಾದಿಯವರೊಂದಿಗಿನ ಜಮಾಅತ್ (ಸಾಮೂಹಿಕ) ನಮಾಝಿನ ನಡುವೆ ಯಾರೋ ಸೀನಿದರು. ಸೀನಿದವರಿಗೆ ಹೇಳುವ ಹಾರೈಕೆಯನ್ನು ಇವರು ಗಟ್ಟಿಯಾಗಿ ಹೇಳಿಬಿಟ್ಟರು. ಎಲ್ಲರೂ ದುರುಗುಟ್ಟಿ ನೋಡಿದರು. “ಯಾಕೆ ಹೀಗೆ ನೋಡುತ್ತೀರಿ?” ಎಂದು ನಮಾಝಿನಲ್ಲೇ ಕೇಳಿದರು ಇವರು! ಸುಮ್ಮನಿರಿಸಲು ಜನ ತಮ್ಮ ತೊಡೆ ತಟ್ಟಿದರು. ನಮಾಝ್ ಮುಗಿದ ಮೇಲೆ ನಡೆದದ್ದನ್ನು ಅವರೇ ಹೇಳಿಕೊಂಡಿದ್ದಾರೆ: ಪ್ರವಾದಿಯವರಿಗಿಂತ ಒಳ್ಳೆಯ ಗುರುವನ್ನು ನಾನು ಮೊದಲೂ ಕಂಡಿಲ್ಲ, ಆಮೇಲೂ ಕಂಡಿಲ್ಲ, ನನ್ನನ್ನು ಗದರಲಿಲ್ಲ, ಹೊಡೆಯಲಿಲ್ಲ, ಬೈಯಲಿಲ್ಲ, ನಮಾಝಿನಲ್ಲಿ ಜನರ ಮಾತು ಸಲ್ಲದು, ಅದು ಅಲ್ಲಾಹನ ಗುಣಗಾನ ಮತ್ತು ಕುರ್‌ಆನ್ ಪಠಣ ಎಂದಷ್ಟೇ ಹೇಳಿದರು.

ದುರುಗುಟ್ಟಿದ ಇಡೀ ಸಾಲಿಗೆ ಕಲಿಸಲಾಗದ್ದನ್ನು ಒಂದು ವಾಕ್ಯ ಕಲಿಸಿತು. ಹಾಗಾಗಿ ಬಾಯಿ ತೆರೆಯುವ ಮುನ್ನ ನಿಮ್ಮನ್ನೇ ಕೇಳಿಕೊಳ್ಳಿ: ಇವರಿಗೆ ಈ ನಿಯಮ ಯಾರಾದರೂ ಹೇಳಿದ್ದರೇ? ಹೇಳಿರದಿದ್ದರೆ ಬೇಕಾದದ್ದು ಮಾಹಿತಿ, ಅದೂ ಒಂದೇ ವಾಕ್ಯದಲ್ಲಿ.

ಹತ್ತಿರ ಕೂರಿಸಿ, ಪ್ರಶ್ನೆ ಕೇಳಿ

ಗೊತ್ತಿದ್ದೂ ತಪ್ಪಿನತ್ತ ಎಳೆಯಲ್ಪಟ್ಟವರದು ಬೇರೆ ಕಥೆ. ಅಬೂ ಉಮಾಮಾ ಎಂಬ ಸಹಾಬಿ ವರದಿ ಮಾಡಿದ ಒಂದು ಘಟನೆ ನನ್ನನ್ನು ಬಹಳ ಕಾಲದಿಂದ ಕಾಡಿದೆ. ತರುಣನೊಬ್ಬ ಪ್ರವಾದಿಯವರ ಬಳಿ ಬಂದು, ವ್ಯಭಿಚಾರಕ್ಕೆ ನನಗೆ ಅನುಮತಿ ಕೊಡಿ ಎಂದು ಕೇಳಿದ. ಸುತ್ತಲಿದ್ದವರು ಗದರಿದರು. “ಹತ್ತಿರ ಬಾ” ಎಂದರು ಪ್ರವಾದಿಯವರು. ಆತ ಬಂದು ಕುಳಿತ. “ನಿನ್ನ ತಾಯಿಯ ವಿಷಯದಲ್ಲಿ ಇದನ್ನು ಇಷ್ಟಪಡುತ್ತೀಯಾ?” “ಇಲ್ಲ, ಅಲ್ಲಾಹನಾಣೆ.” “ಜನರೂ ತಮ್ಮ ತಾಯಂದಿರ ವಿಷಯದಲ್ಲಿ ಇಷ್ಟಪಡುವುದಿಲ್ಲ.” ಹೀಗೆಯೇ ಮಗಳು, ಸೋದರಿ, ಅತ್ತೆ, ಚಿಕ್ಕಮ್ಮ ಎಂದು ಒಂದೊಂದಾಗಿ ಕೇಳುತ್ತಾ ಹೋದರು. ಪ್ರತಿ ಸಲವೂ “ಇಲ್ಲ” ಎಂದವನು ಆ ತರುಣನೇ. ಕೊನೆಗೆ ಅವನ ಮೇಲೆ ಕೈಯಿಟ್ಟು, ಇವನ ಪಾಪ ಮನ್ನಿಸು, ಹೃದಯ ಶುದ್ಧಗೊಳಿಸು, ಶೀಲ ಕಾಪಾಡು ಎಂದು ಪ್ರಾರ್ಥಿಸಿದರು. ಆಮೇಲೆ ಆತ ಅತ್ತ ತಿರುಗಿಯೂ ನೋಡಲಿಲ್ಲ ಎನ್ನುತ್ತದೆ ವರದಿ.

ಅದು ನಿಷಿದ್ಧವೆಂದು ಅವನಿಗೆ ಗೊತ್ತಿತ್ತು. ಗೊತ್ತಿಲ್ಲದಿದ್ದರೆ ಅನುಮತಿ ಕೇಳುತ್ತಲೇ ಇರಲಿಲ್ಲ. ಆದ್ದರಿಂದ ನಿಯಮವನ್ನು ಮತ್ತೊಮ್ಮೆ ಹೇಳಿ ಪ್ರಯೋಜನವಿರಲಿಲ್ಲ. ತಾನು ಯಾರಿಗೆ ನೋವು ಮಾಡಲು ಹೊರಟಿದ್ದೇನೆಂಬುದನ್ನು ಅವನ ಬಾಯಿಂದಲೇ ಹೊರಡಿಸಬೇಕಿತ್ತು. ಹದಿಹರೆಯದ ಮಕ್ಕಳಿರುವ ತಂದೆತಾಯಿ ಇದನ್ನು ಎರಡು ಸಲ ಓದಬೇಕೆಂದು ನನ್ನ ಆಸೆ. ಮಗ ನಿಮ್ಮ ಬಳಿ ಬಂದು ಕೇಳಬಾರದ್ದನ್ನು ಕೇಳಿದರೆ, ಆತ ಇನ್ನೂ ನಿಮ್ಮ ಬಳಿ ಬರುತ್ತಿದ್ದಾನೆ ಎಂದಾಯಿತು. ಆ ಬಾಗಿಲು ಮುಚ್ಚದಂತೆ ಮಾತಾಡಿ. ಪಕ್ಕದಲ್ಲಿ ಕೂರಿಸಿಕೊಳ್ಳಿ. ಕೇಳುವ ಪ್ರಶ್ನೆ ಚಿಕ್ಕದಿರಲಿ, ಉತ್ತರ ಅವನದೇ ಆಗಿರಲಿ.

ಹೊರಬರುವ ದಾರಿ ತೋರಿಸಿ

ರಮಝಾನಿನಲ್ಲಿ ಒಬ್ಬಾತ, “ನಾನು ಹಾಳಾದೆ” ಎನ್ನುತ್ತಾ ಬಂದ. ಉಪವಾಸವಿದ್ದಾಗಲೇ ಹೆಂಡತಿಯನ್ನು ಕೂಡಿದ್ದ. ಪ್ರಾಯಶ್ಚಿತ್ತಕ್ಕಾಗಿ ಪ್ರವಾದಿಯವರು ಕೇಳಿದರು: ಒಬ್ಬ ಗುಲಾಮನನ್ನು ಬಿಡುಗಡೆ ಮಾಡಬಲ್ಲೆಯಾ? ಇಲ್ಲ. ಎರಡು ತಿಂಗಳು ಸತತ ಉಪವಾಸ? ಆಗದು. 60 ಬಡವರಿಗೆ ಊಟ? ಅದಕ್ಕೂ ಗತಿಯಿಲ್ಲ. ಅಷ್ಟರಲ್ಲಿ ಯಾರೋ ಖರ್ಜೂರ ತುಂಬಿದ ಬುಟ್ಟಿ ತಂದರು. ಇದನ್ನು ಒಯ್ದು ದಾನ ಮಾಡು ಎಂದರು ಪ್ರವಾದಿಯವರು. ಮದೀನದ ಎರಡು ಮಗ್ಗುಲಲ್ಲಿ ಕಪ್ಪು ಲಾವಾ ಬಂಡೆಗಳ ಬಯಲುಗಳಿವೆ. “ಈ ಎರಡು ಬಯಲುಗಳ ನಡುವೆ ನನ್ನ ಮನೆಯವರಿಗಿಂತ ಬಡವರು ಯಾರಿದ್ದಾರೆ?” ಎಂದ ಆತ. ಪ್ರವಾದಿಯವರು ಕೋರೆಹಲ್ಲು ಕಾಣುವಂತೆ ನಕ್ಕರು. “ಹಾಗಾದರೆ ನಿನ್ನ ಮನೆಯವರಿಗೇ ತಿನ್ನಿಸು.”

ಹಾಳಾದೆ ಎನ್ನುತ್ತಾ ಬಂದವನು ಬುಟ್ಟಿ ಹೊತ್ತು ಹೋದ. ನಿಯಮವನ್ನು ಎಲ್ಲಿಯೂ ಬಿಟ್ಟುಕೊಡಲಿಲ್ಲ, ಒಂದಾದ ಮೇಲೊಂದು ಮೆಟ್ಟಿಲು ಇಳಿಸುತ್ತಾ ಬಂದರು. ಸ್ವತಃ ತಪ್ಪೊಪ್ಪಿಕೊಂಡು ಬಂದವರಿಗೆ ಗದರಿಕೆಯ ಅಗತ್ಯವಿಲ್ಲ. “ಈಗ ಏನು ಮಾಡಬಲ್ಲೆ?” ಎಂದು ಕೇಳಿ. ಅವರಿಂದ ಆಗುವ ಪರಿಹಾರ ಸಿಗುವವರೆಗೂ ಕೇಳುತ್ತಲೇ ಇರಿ.

ಹೆಸರು ಬೇಡ, ಸುಳಿವೂ ಬೇಡ

ಯಾರದೋ ತಪ್ಪು ಕಿವಿಗೆ ಬಿದ್ದರೆ ಪ್ರವಾದಿಯವರು ‘ಇಂಥವನು ಯಾಕೆ ಹೀಗೆ’ ಎಂದು ಹೆಸರೆತ್ತುತ್ತಿರಲಿಲ್ಲ, ‘ಕೆಲವರು ಯಾಕೆ ಹೀಗೆ ಹೇಳುತ್ತಾರೆ’ ಎನ್ನುತ್ತಿದ್ದರೆಂದು ಅವರ ಪತ್ನಿ ಆಯಿಶಾ ತಿಳಿಸಿದ್ದಾರೆ. ಇಂದಿನ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹೆಸರು ಹಾಕದೆ, ಆದರೆ ಊರಿಗೆಲ್ಲ ಗುರುತು ಸಿಗುವಂತೆ ಬರೆಯುವುದು ಈ ಮಾದರಿಯಲ್ಲ. ಅದು ಚುಚ್ಚುಮಾತು.

ಶಿಕ್ಷೆಯಾದ ಮೇಲೂ ಮನುಷ್ಯನನ್ನು ಬಿಟ್ಟುಕೊಡಬೇಡಿ

ಪ್ರವಾದಿಯವರನ್ನು ಆಗಾಗ ನಗಿಸುತ್ತಿದ್ದ ಅಬ್ದುಲ್ಲಾ ಎಂಬವನಿದ್ದ. ಮದ್ಯಪಾನಕ್ಕಾಗಿ ಅವನಿಗೆ ಶಿಕ್ಷೆಯಾಗಿತ್ತು, ಒಂದಕ್ಕಿಂತ ಹೆಚ್ಚು ಸಲ. ಹಾಗೊಮ್ಮೆ ಒಬ್ಬರು, “ಇವನಿಗೆ ಶಾಪವಿರಲಿ, ಎಷ್ಟು ಸಲ ಇದೇ ಪಾಡು!” ಎಂದರು. “ಶಪಿಸಬೇಡಿ” ಎಂದರು ಪ್ರವಾದಿಯವರು. “ಇವನು ಅಲ್ಲಾಹನನ್ನೂ ಅವನ ದೂತನನ್ನೂ ಪ್ರೀತಿಸುವವನೆಂದೇ ನಾನು ಬಲ್ಲೆ.” ಶಿಕ್ಷೆ ತಪ್ಪಲಿಲ್ಲ. ಶಿಕ್ಷೆಯ ಮೇಲೆ ಶಾಪ ಸೇರಲೂ ಬಿಡಲಿಲ್ಲ.

ಯಾರೊಂದಿಗೆ ಗಟ್ಟಿಯಾಗಿರಬೇಕು?

ಮೃದುತ್ವದ ಕಥೆಗಳನ್ನಷ್ಟೇ ಹೇಳಿ ನಿಲ್ಲಿಸುವ ರೂಢಿಯಿದೆ. ಅದು ಅರ್ಧ ಚಿತ್ರ. ಅವರ ಮುಖ ಕೋಪದಿಂದ ಬಣ್ಣಗೆಟ್ಟ ಸಂದರ್ಭಗಳೂ ದಾಖಲಾಗಿವೆ, ಮತ್ತು ಅವೆಲ್ಲವನ್ನೂ ಸಾಲಾಗಿ ಇಟ್ಟರೆ ಒಂದು ಸಂಗತಿ ಎದ್ದು ಕಾಣುತ್ತದೆ.

ಕ್ರಿ.ಶ. 630ರಲ್ಲಿ ಮಕ್ಕಾ ವಿಜಯದ ಸಮಯ. ಮಕ್ಕಾದ ಕುರೈಷ್ ಬುಡಕಟ್ಟಿನ ಪ್ರತಿಷ್ಠಿತ ಮಖ್‌ಝೂಮ್ ಮನೆತನದ ಹೆಂಗಸೊಬ್ಬಳು ಕಳವು ಮಾಡಿದಳು. ವಶೀಲಿಗೆಂದು ಜನ ಕಳುಹಿಸಿದ್ದು ಪ್ರವಾದಿಯವರಿಗೆ ತುಂಬ ಪ್ರಿಯನಾಗಿದ್ದ ತರುಣ ಉಸಾಮಾನನ್ನು. ಅವನ ಮಾತು ಕೇಳುತ್ತಲೇ ಅವರ ಮುಖದ ಬಣ್ಣ ಬದಲಾಯಿತು. ಕುಲೀನರು ಕದ್ದರೆ ಬಿಟ್ಟು, ದುರ್ಬಲರು ಕದ್ದರೆ ದಂಡಿಸಿದ್ದರಿಂದಲೇ ಹಿಂದಿನವರು ನಾಶವಾದರು, ನನ್ನ ಮಗಳು ಫಾತಿಮಾ ಕದ್ದಿದ್ದರೂ ಇದೇ ಶಿಕ್ಷೆ ಎಂದು ಜನರೆದುರು ಸಾರಿದರು. ಮುಆದ್ ಬಿನ್ ಜಬಲ್ ದೊಡ್ಡ ವಿದ್ವಾಂಸರು, ರಾತ್ರಿಯ ನಮಾಝನ್ನು ಉದ್ದ ಮಾಡಿ ದಿನವಿಡೀ ದುಡಿದು ದಣಿದವರನ್ನು ನಿಲ್ಲಿಸಿದ್ದಕ್ಕೆ, “ಮುಆದ್, ಜನರನ್ನು ಪರೀಕ್ಷೆಗೊಡ್ಡುತ್ತೀಯಾ?” ಎಂದು ಪ್ರವಾದಿಯವರಿಂದ ಕೇಳಿಸಿಕೊಂಡರು. ಸಹಾಬಿ ಅಬೂ ದರ್ ಒಬ್ಬಾತನನ್ನು ಅವನ ತಾಯಿಯ ಹೆಸರೆತ್ತಿ ಹೀಯಾಳಿಸಿದಾಗ, “ನಿನ್ನಲ್ಲಿ ಇನ್ನೂ ಅಜ್ಞಾನಕಾಲದ (ಇಸ್ಲಾಮಿಗೆ ಮುಂಚಿನ ಕಾಲದ) ಗುಣ ಉಳಿದಿದೆ” ಎಂದರು ಪ್ರವಾದಿಯವರು. ನಿಮ್ಮ ಕೈಕೆಳಗಿನವರು ನಿಮ್ಮ ಸಹೋದರರು, ನೀವು ತಿನ್ನುವುದನ್ನೇ ಅವರಿಗೆ ತಿನ್ನಿಸಿ, ಉಡುವುದನ್ನೇ ಉಡಿಸಿ ಎಂದೂ ಸೇರಿಸಿದರು. ಮುಂದೆ ರಬದಾ ಎಂಬಲ್ಲಿ ಅಬೂ ದರ್ ಅವರನ್ನು ಕಂಡವನೊಬ್ಬ, ಅವರೂ ಅವರ ಸೇವಕನೂ ಒಂದೇ ಬಗೆಯ ಉಡುಪು ತೊಟ್ಟದ್ದನ್ನು ನೋಡಿ ಕಾರಣ ಕೇಳಿದ. ಉತ್ತರವಾಗಿ ಅವರು ಹೇಳಿದ್ದು ತಾನು ಬೈಸಿಕೊಂಡ ಈ ಕಥೆಯನ್ನೇ.

ಗಟ್ಟಿ ಮಾತು ಬಿದ್ದದ್ದು ಆಪ್ತರ ಮೇಲೆ, ತಿಳಿದವರ ಮೇಲೆ, ಅವರ ತಪ್ಪಿನಿಂದ ಇನ್ನೊಬ್ಬ ದುರ್ಬಲನಿಗೆ ಅನ್ಯಾಯವಾಗುತ್ತಿದ್ದಾಗ. ಅಲೆಮಾರಿಗೆ, ಹೊಸಬನಿಗೆ, ತಪ್ಪೊಪ್ಪಿಕೊಂಡವನಿಗೆ ಮೃದು ಮಾತು. ನಮ್ಮಲ್ಲಿ ಇದು ತಲೆಕೆಳಗಾಗಿದೆ ಎಂಬುದೇ ನನ್ನ ಸಂಕಟ. ಮನೆಗೆಲಸದವರ ಮೇಲೆ, ಬಸ್ ನಿಲ್ದಾಣದ ಅಪರಿಚಿತರ ಮೇಲೆ, ಚಿಕ್ಕ ಮಕ್ಕಳ ಮೇಲೆ ದನಿ ಏರುತ್ತದೆ. ಪ್ರಭಾವಿ ಗೆಳೆಯ ಅನ್ಯಾಯ ಮಾಡಿದಾಗ ಮಾತ್ರ ಸೌಜನ್ಯ ನೆನಪಾಗುತ್ತದೆ. ಗದರುವ ಮುನ್ನ ಇದನ್ನು ಪರೀಕ್ಷಿಸಿಕೊಳ್ಳಿ: ಎದುರಿನವರಿಗೆ ನನಗೆ ತಿರುಗಿ ಹೇಳುವ ಶಕ್ತಿಯಿದೆಯೇ? ಇಲ್ಲದಿದ್ದರೆ ದನಿ ಇಳಿಸಿ.

ತಪ್ಪು ನಿಮ್ಮ ವಿರುದ್ಧವೇ ಆದಾಗ

ಇದು ಎಲ್ಲಕ್ಕಿಂತ ಕಷ್ಟದ ಹಂತ. ಪ್ರವಾದಿಯವರು ನಜ್ರಾನ್ ಎಂಬ ಊರಿನ ದಪ್ಪ ಅಂಚಿನ ಹೊದಿಕೆ ಹೊದ್ದು ನಡೆಯುತ್ತಿದ್ದಾಗ ಅಲೆಮಾರಿಯೊಬ್ಬ ಅದನ್ನು ಹಿಡಿದು ಜಗ್ಗಿದ. ಅವರ ಭುಜದ ಬುಡದಲ್ಲಿ ಅಂಚಿನ ಗುರುತು ಮೂಡಿತು. “ನಿನ್ನ ಬಳಿಯಿರುವ ಅಲ್ಲಾಹನ ಸಂಪತ್ತಿನಿಂದ ನನಗೂ ಕೊಡಿಸು” ಎಂದ ಆತ. ಅವನತ್ತ ತಿರುಗಿ ನಕ್ಕು, ಕೊಡಲು ಹೇಳಿದರು. ಇನ್ನೊಮ್ಮೆ ಸಾಲ ವಾಪಸ್ ಕೇಳಲು ಬಂದವನು ಒರಟಾಗಿ ಮಾತಾಡಿದ. ಸಹಾಬಿಗಳು ಏರಿ ಹೋಗಲು ನೋಡಿದರು. “ಬಿಡಿ, ಹಕ್ಕುಳ್ಳವನಿಗೆ ಮಾತಾಡುವ ಅಧಿಕಾರವಿದೆ” ಎಂದು, ಅವನ ಒಂಟೆಗಿಂತ ಒಳ್ಳೆಯ ಒಂಟೆ ಕೊಡಿಸಿದರು. ಅಲ್ಲಾಹನ ಮಿತಿಗಳನ್ನು ಮೀರಿದಾಗ ಬಿಟ್ಟರೆ ತನಗಾಗಿ ಅವರು ಎಂದೂ ಸೇಡು ತೀರಿಸಿಕೊಳ್ಳಲಿಲ್ಲವೆಂದು ಆಯಿಶಾ ಹೇಳಿದ್ದಾರೆ. ‘ನೀನು ಒರಟನೂ ಕಠಿಣ ಹೃದಯದವನೂ ಆಗಿದ್ದರೆ ಇವರೆಲ್ಲ ನಿನ್ನ ಸುತ್ತಲಿಂದ ಚದುರಿ ಹೋಗುತ್ತಿದ್ದರು’ ಎಂಬುದು ಕುರ್‌ಆನಿನ 3ನೇ ಅಧ್ಯಾಯದ 159ನೇ ವಚನದ ಸಾರ. ಮುಂದುವರಿದು ಅದೇ ವಚನ ಮೂರು ಕೆಲಸ ಹೇಳುತ್ತದೆ: ಅವರನ್ನು ಕ್ಷಮಿಸು, ಅವರಿಗಾಗಿ ಕ್ಷಮೆ ಬೇಡು, ಕೆಲಸಗಳಲ್ಲಿ ಅವರೊಂದಿಗೇ ಸಮಾಲೋಚಿಸು. ತಪ್ಪಿದವರನ್ನು ಮತ್ತೆ ಸಲಹೆ ಕೇಳುವಷ್ಟು ಹತ್ತಿರಕ್ಕೆ ಕರೆದುಕೊಂಡಾಗಲೇ ತಿದ್ದುವ ಕೆಲಸ ಪೂರ್ತಿಯಾಗುತ್ತದೆ ಎಂದು ನಾನು ಇದರಿಂದ ಅರ್ಥಮಾಡಿಕೊಂಡಿದ್ದೇನೆ.

ಮನೆಯಲ್ಲಿ ಆರಂಭಿಸಿ

ಅನಸ್ ಸುಮಾರು ಹತ್ತು ವರ್ಷದ ಹುಡುಗನಾಗಿದ್ದಾಗ ತಾಯಿ ಉಮ್ಮು ಸುಲೈಮ್ ಅವನನ್ನು ಪ್ರವಾದಿಯವರ ಸೇವೆಗೆ ತಂದು ಬಿಟ್ಟರು. ಹತ್ತು ವರ್ಷಗಳಲ್ಲಿ ಒಮ್ಮೆಯೂ ನನಗೆ ‘ಛೇ’ ಎನ್ನಲಿಲ್ಲ, ಮಾಡಿದ್ದಕ್ಕೆ ಯಾಕೆ ಮಾಡಿದೆ ಎನ್ನಲಿಲ್ಲ, ಬಿಟ್ಟದ್ದಕ್ಕೆ ಯಾಕೆ ಮಾಡಲಿಲ್ಲ ಎನ್ನಲಿಲ್ಲ ಎಂದು ಅನಸ್ ದೊಡ್ಡವರಾದ ಮೇಲೆ ನೆನೆದರು. ಒಂದು ದಿನ ಏನೋ ಕೆಲಸಕ್ಕೆ ಕಳುಹಿಸಿದರು. ‘ಹೋಗುವುದಿಲ್ಲ’ ಎಂದ ಹುಡುಗ, ಮನಸ್ಸಿನಲ್ಲಿ ಹೋಗುವ ಯೋಚನೆಯೇ ಇತ್ತು. ಹೊರಟವನು ಬೀದಿಯಲ್ಲಿ ಆಡುತ್ತಿದ್ದ ಹುಡುಗರ ನಡುವೆ ನಿಂತುಬಿಟ್ಟ. ಹಿಂದಿನಿಂದ ಯಾರೋ ಹೆಡಕು ಹಿಡಿದರು. ತಿರುಗಿ ನೋಡಿದರೆ ಪ್ರವಾದಿಯವರು, ನಗುತ್ತಿದ್ದಾರೆ. “ಉನೈಸ್” ಎಂದು ಮುದ್ದಿನಿಂದ ಕರೆದು, “ನಾನು ಹೇಳಿದಲ್ಲಿಗೆ ಹೋದೆಯಾ?” ಎಂದು ಕೇಳಿದರು.

“ಹೂಂ, ಇಗೋ ಹೊರಟೆ” ಎಂದ ಅನಸ್.